ಆ ಎಂಟು ದಿನ ನಾನು ಬಾಯಿ ಬಿಡಲಿಲ್ಲ

ಬೊಮ್ಮಜ್ಜನ ದನಿಯನ್ನು ಕಂಪ್ಯೂಟರಿನಿಂದ ಅಳಿಸಿ ಹಾಕಿದವಳು ನಾನು. ಕೆಂಪಿ ಅಲ್ಲ. ಕರೆಂಟು ಹೋಗಿ ಬಂದದ್ದರಿಂದಲೂ ಅಲ್ಲ. ವೈರಸ್ಸು ಇರಬೇಕು ಎಂದು ನನ್ನ ಸೊಸೆ ಶೈಲಜ ಊರಿಗೆಲ್ಲ ಹೇಳಿದಳಲ್ಲ, ಅದೂ ಅಲ್ಲ. ನಾನು. ಈ ಬಲಗೈಯಿಂದ, ಗೊತ್ತಿದ್ದೇ ಅಳಿಸಿದೆ. ಆರು ವರ್ಷವಾಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳೋಣ ಎಂದು ಇಟ್ಟುಕೊಂಡರೆ ನಾನು ಹೇಳುವವಳಲ್ಲ — ನನ್ನನ್ನು ನಾನು ಬಲ್ಲೆ.

ಬರುವ ಭಾನುವಾರ ನಮ್ಮ ಹೆಂಗಸರ ಸಂಘ ಅಂಗನವಾಡಿಯಲ್ಲಿ ಸೇರುತ್ತದೆ. ಮನೆಯಲ್ಲಿ ಕಂಪ್ಯೂಟರ್ ಇದ್ದೂ ಅದನ್ನು ಮುಟ್ಟಲು ಹೆದರುವವರಿಗೆ ನಾಲ್ಕು ಮಾತು ಹೇಳಿಕೊಡಬೇಕೆಂದು ನನ್ನನ್ನು ಕೇಳಿದ್ದಾರೆ. ಹೋದ ತಿಂಗಳು ಇದನ್ನು ಗೊತ್ತು ಮಾಡುವಾಗ ಸೆಕ್ರೆಟರಿ ಎದ್ದು ನಿಂತು, “ನಮ್ಮ ದೇವಮ್ಮ ಮೂರನೇ ಕ್ಲಾಸು. ಯಾರ ಸಹಾಯವೂ ಇಲ್ಲದೆ ತಾನೇ ಕಲಿತವಳು” ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಲೆ ತಗ್ಗಿಸಿದೆ. ಮುದುಕಿಗೆ ನಾಚಿಕೆ ಎಂದು ನಕ್ಕರು.

ಮನೆಗೆ ಬಂದು, ಹೇಳಿಕೊಡುವ ಮಾತುಗಳನ್ನು ಬರೆದಿಟ್ಟುಕೊಳ್ಳೋಣ ಎಂದು ಕೂತೆ. ಮೊದಲನೆಯದು ಬರೆದೆ: ಮೌಸನ್ನು ಜೇನುಹಟ್ಟಿ ಹಿಡಿದ ಹಾಗೆ ಹಿಡಿಯಿರಿ, ಒತ್ತಿದರೆ ಸುರಿದುಹೋಗುತ್ತದೆ, ಸಡಿಲ ಬಿಟ್ಟರೆ ಬೀಳುತ್ತದೆ. ಬರೆದು ನೋಡಿದೆ. ಒಳ್ಳೆಯ ಮಾತು. ನನ್ನದಲ್ಲ. ನಾನು ಹುಟ್ಟಿದಾಗಿನಿಂದ ಜೇನುಹಟ್ಟಿ ಹಿಡಿದವಳೇ ಅಲ್ಲ. ಅದು ಕೆಂಪಿಯ ಮಾತು. ಎರಡನೆಯದೂ ಅವಳದೇ, ಮೂರನೆಯದೂ. ಅಲ್ಲಿಗೆ ಪೆನ್ನು ನಿಂತಿತು. ಅದಕ್ಕೇ ಆ ಕಾಗದ ಬಿಟ್ಟು ಇದನ್ನು ಬರೆಯುತ್ತಿದ್ದೇನೆ. ಭಾನುವಾರ ಓದುವುದು ಇದನ್ನೇ.

ನಮ್ಮ ಮನೆ ಇರುವುದು ಮಲಯಾಳ ಸೀಮೆಯಲ್ಲಿ, ನೂಲ್ಪುಳ ಹೊಳೆಯ ಈ ಕಡೆ, ಕಾಡಿನ ಅಂಚಿಗೆ. ನಾನು ಹುಟ್ಟಿದ್ದು ಗಡಿಯ ಆಚೆ, ಗುಂಡ್ಲುಪೇಟೆ ಕಡೆಯ ಹಳ್ಳಿಯಲ್ಲಿ. ಅಲ್ಲಿ ಮೂರನೇ ಕ್ಲಾಸಿನವರೆಗೆ ಕನ್ನಡ ಅಕ್ಷರ ಕಲಿತೆ. ಲಗ್ನವಾಗಿ ಇಲ್ಲಿಗೆ ಬಂದ ಮೇಲೆ ಅವು ಕೆಲಸಕ್ಕೆ ಬರಲಿಲ್ಲ. ಇಲ್ಲಿ ಬಸ್ಸಿನ ಬೋರ್ಡು ಮಲಯಾಳ, ರೇಷನ್ ಕಾರ್ಡು ಮಲಯಾಳ, ಔಷಧಿಯ ಚೀಟಿಯೂ ಮಲಯಾಳ. ಮನೆಯೊಳಗೆ ಆಡುವುದು ಮಾತ್ರ ಕನ್ನಡ. ಐವತ್ತು ವರ್ಷ ನಾನು ಕಣ್ಣಿದ್ದೂ ಓದಲಾಗದವಳಾಗಿ ಕಳೆದೆ.

ಶೈಲಜ ಹಾಲಿನ ಸೊಸೈಟಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಹೋಗುತ್ತಾಳೆ. ಅಲ್ಲಿ ಹೊಸ ಕಂಪ್ಯೂಟರ್ ತಂದಾಗ ಹಳೆಯದನ್ನು ಇವಳು ಮನೆಗೆ ತಂದಳು. ಗೋಡೆ ಒಣಗಿರುವುದು ಒಳಕೋಣೆಯಲ್ಲಿ ಮಾತ್ರ, ಪ್ಲಗ್ಗು ಇರುವುದೂ ಅಲ್ಲೇ. ಹಾಗಾಗಿ ದೇವರ ಮಣೆಯ ಪಕ್ಕಕ್ಕೇ ಮೇಜು ಬಂತು. ನಾನು ರಂಪ ಮಾಡಿದೆ. “ಈ ಡಬ್ಬಿಗೂ ನಾನೇ ಊದುಬತ್ತಿ ಹಚ್ಬೇಕಾ?” ಎಂದೆ. “ಬೇಡ ಅತ್ತೆ, ಅದಕ್ಕೆ ಹೊಗೆ ಆಗಲ್ಲ” ಎಂದಳು ಅವಳು. ನನ್ನ ಸೊಸೆಗೆ ನನ್ನ ಮಾತು ಸೋಕುವುದೇ ಇಲ್ಲ.

ಒಂದು ದಿನ ಅವಳು ಅದರಲ್ಲಿ ಏನೋ ಒತ್ತಿ, “ನೋಡಿ ಅತ್ತೆ, ನಿಮ್ಮ ಅಕ್ಷರ” ಎಂದಳು. ಬಿಳಿಯ ಮೇಲೆ ಕಪ್ಪಗೆ, ದೊಡ್ಡದಾಗಿ, ಒಂದು ‘ಅ’. ನನಗೆ ಮುಟ್ಟಿ ನೋಡಬೇಕೆನಿಸಿತು. ಆದರೂ “ಹೂಂ, ನೋಡಿದೆ” ಎಂದು ಅಡಿಗೆಮನೆಗೆ ಹೋದೆ. ಡಬ್ಬಿ ಎಂದು ಬೈದವಳು ಯಾವ ಮುಖ ಇಟ್ಟುಕೊಂಡು ಕಲಿಸು ಎನ್ನಲಿ?

ಆಗ ಬಂದವಳು ಕೆಂಪಿ.

ಕೆಂಪಿ ಕಾಟುನಾಯ್ಕರ ಹಾಡಿಯ ಹುಡುಗಿ. ನಮ್ಮ ಗದ್ದೆ ದಾಟಿದರೆ ಅವರ ಹಾಡಿ. ಅವಳ ಅಜ್ಜ ಬೊಮ್ಮ ನನ್ನ ಮಾವನ ಕಾಲದಿಂದ ನಮ್ಮಲ್ಲಿ ಕೂಲಿ ಮಾಡಿದವನು, ಕಾಡಿನಲ್ಲಿ ಜೇನು ಕೀಳುವವನು. ನಮ್ಮಲ್ಲಿ ಒಂದು ಪದ್ಧತಿ ಇತ್ತು — ಇತ್ತು ಎಂದು ಬರೆಯುತ್ತಿದ್ದೇನೆ, ಅದನ್ನು ಹಿಡಿದುಕೊಂಡಿದ್ದವಳು ನಾನೇ. ಹಾಡಿಯವರು ಅಂಗಳಕ್ಕೆ ಬರಬಹುದು, ಜಗುಲಿಯ ಕೆಳಗಿನ ಮೆಟ್ಟಿಲ ಮೇಲೆ ಕೂರಬಹುದು. ಅವರ ಲೋಟ ಬೇರೆ, ಅದನ್ನು ತೊಳೆದು ಮಾಡಿನ ಸಂದಿಯಲ್ಲಿ ಸಿಕ್ಕಿಸಬೇಕು. ಬೊಮ್ಮಜ್ಜ ಅಷ್ಟು ವರ್ಷದಲ್ಲಿ ಒಮ್ಮೆಯೂ ಜಗುಲಿ ಹತ್ತಲಿಲ್ಲ. ಹತ್ತು ಎಂದು ನಾವೂ ಹೇಳಲಿಲ್ಲ.

ಕೆಂಪಿ ಹತ್ತನೇ ಕ್ಲಾಸು ಪಾಸಾಗಿದ್ದಳು. ಹಾಡಿಯವರು ತಮ್ಮ ಹಳೆಯ ಜಾಗಗಳು ತಮ್ಮವೆಂದು ಸರಕಾರಕ್ಕೆ ಅರ್ಜಿ ಕೊಡುವವರಿದ್ದರು — ಜೇನಿನ ಮರ, ನೀರಿನ ಗುಂಡಿ, ಸತ್ತವರನ್ನು ಹೂಳಿದ ಜಾಗ, ಹೀಗೆ. ಯಾವುದು ಎಲ್ಲಿದೆ ಎಂದು ಪೂರ್ತಿ ಬಲ್ಲವನು ಬೊಮ್ಮಜ್ಜ ಒಬ್ಬನೇ. ಕೆಂಪಿ ಕೂಲಿಗೆ ಹೋಗುವ ಮೊದಲು ಫೋನಿನಲ್ಲಿ ದನಿ ಹಿಡಿಯುವುದನ್ನು ಒತ್ತಿ ಅಜ್ಜನ ಪಕ್ಕದಲ್ಲಿಟ್ಟು ಹೋಗುತ್ತಿದ್ದಳು. ಅಜ್ಜ ಬೆಳಗಿನ ಹೊತ್ತು ಬಿಸಿಲಿಗೆ ಕೂತು ಆ ಫೋನಿಗೆ ಕಥೆ ಹೇಳುತ್ತಿದ್ದ. ಅದನ್ನು ಮಗ, ಮಗ ಎಂದೇ ಕರೆಯುತ್ತಿದ್ದನಂತೆ. ಆಮೇಲೆ ಅಜ್ಜ ತೀರಿಕೊಂಡ. ಫೋನು ತುಂಬಿಹೋಗಿತ್ತು. ಶೈಲಜ ಅದನ್ನೆಲ್ಲ ನಮ್ಮ ಕಂಪ್ಯೂಟರಿಗೆ ತೆಗೆದುಕೊಂಡು, ಫೋನು ಖಾಲಿ ಮಾಡಿಕೊಟ್ಟಳು. “ದಿನಾ ಬಂದು ಕೇಳ್ಕೊಂಡು ಟೈಪ್ ಮಾಡು ಮೋಳೆ, ನಾನು ಹೇಳ್ಕೊಡ್ತೀನಿ” ಎಂದಳು. ಮೋಳೆ ಎಂದರೆ ಮಗಳೇ ಎಂದು. ಕೆಂಪಿ ಅವಳನ್ನು ಚೇಚಿ ಎನ್ನುವಳು, ಅಕ್ಕ ಎಂದು. ನನ್ನನ್ನು ಕೇಳಲಿಲ್ಲ.

ಹಾಗೆ ಆ ಹಾಡಿಯಿಂದ ಮೊದಲ ಸಲ ಒಬ್ಬಳು ನಮ್ಮ ಒಳಕೋಣೆಗೆ ಬಂದಳು.

ನಾನು ಕುರ್ಚಿ ಒರೆಸಿದೆ. ಅವಳು ಹೋದ ಮೇಲೆ, ಒದ್ದೆ ಬಟ್ಟೆಯಿಂದ, ದಿನವೂ. ಒಂದು ಮಧ್ಯಾಹ್ನ ಕೊಡೆ ಮರೆತು ಹೋದವಳು ವಾಪಸು ಬಂದಳು, ಬಾಗಿಲಲ್ಲಿ ನಿಂತು ನೋಡಿದಳು, ಕೊಡೆ ತೆಗೆದುಕೊಂಡು ಹೋದಳು. ಮರುದಿನದಿಂದ ಒಂದು ಗೋಣಿತಾಟು ಮಡಚಿ ತರತೊಡಗಿದಳು. ಅದನ್ನು ಕುರ್ಚಿಯ ಮೇಲೆ ಹಾಸಿ ಕೂತು, ಹೋಗುವಾಗ ಸುತ್ತಿಕೊಂಡು ಹೋಗುವಳು. ನೋಡಿ ನನಗೆ ನೋಯಲಿಲ್ಲ. ಸದ್ಯ, ಕೆಲಸ ಉಳಿಯಿತು ಎಂದುಕೊಂಡೆ. ನಾನು ಅಂಥವಳು.

ಶೈಲಜ ಸೊಸೈಟಿಯಿಂದ ಬರುವುದು ಎರಡು ಗಂಟೆಗೆ. ಕೆಂಪಿ ಹನ್ನೊಂದಕ್ಕೇ ಬರುವಳು. ನಾನು ಬಾಗಿಲ ಹತ್ತಿರ ಅಕ್ಕಿ ಆರಿಸುತ್ತಾ ಓರೆಗಣ್ಣಲ್ಲಿ ನೋಡುತ್ತಿದ್ದೆ. ನಾಲ್ಕನೆಯ ದಿನವೋ ಐದನೆಯ ದಿನವೋ, ಅವಳು ತಿರುಗದೆಯೇ, “ದೊಡ್ಡವ್ವ, ಅಲ್ಲಿಂದ ಕಾಣಲ್ಲ, ಬನ್ನಿ” ಎಂದಳು.

“ನಂಗ್ಯಾಕೆ? ನಾನು ಅಕ್ಕಿ ನೋಡ್ತಿದ್ದೀನಿ.”

“ಅರ್ಧ ಗಂಟೆಯಿಂದ ಒಂದೇ ಹಿಡಿ ಅಕ್ಕಿ ನೋಡ್ತಿದ್ದೀರ.”

ಎದ್ದು ಹೋದೆ. ಒಂದೇ ಒಂದು ಮಾತು ಹೇಳಿ ಕೂತೆ: “ಶೈಲಜಂಗೆ ಹೇಳ್ಬಾರ್ದು.” ಅವಳು, “ಹೇಳಲ್ಲ. ಯಾಕ್ ಹೇಳ್ಲಿ” ಎಂದಳು. ಸೊಸೆಯ ಮುಂದೆ ಸೋಲುವುದು ಒಂದು. ಹಾಡಿಯ ಹುಡುಗಿಯಿಂದ ಕಲಿತಳು ಎಂದು ನಾಲ್ಕು ಜನ ಆಡಿಕೊಳ್ಳುವುದು ಇನ್ನೊಂದು. ಎರಡನೆಯದೇ ದೊಡ್ಡದಾಗಿತ್ತು ನನಗೆ.

ಅವಳು ಕಲಿಸಿದ್ದನ್ನು ಕಲಿಸಿದ ಹಾಗೆಯೇ ಇಲ್ಲಿ ಬರೆಯುತ್ತೇನೆ. ಭಾನುವಾರ ಬರುವ ನಿಮಗೆ ಬೇಕಾದದ್ದು ಇದೇ ತಾನೇ.

ಮೌಸಿನ ಮಾತು ಆಗಲೇ ಹೇಳಿದೆ. ನಾನು ಅದನ್ನು ತಳ್ಳುತ್ತಾ ತಳ್ಳುತ್ತಾ ಮೇಜಿನ ತುದಿಗೆ ಹೋಗಿ, “ಮೇಜು ಮುಗೀತಲ್ಲೇ, ಬಾಣ ಇನ್ನೂ ಅಲ್ಲೇ ಐತೆ!” ಎಂದರೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. “ಎತ್ತಿ ಈಚೆಗಿಟ್ಕೊಳ್ಳಿ ದೊಡ್ಡವ್ವ. ಹಿಂಗೇ ಹೋದ್ರೆ ಮುತ್ತಂಗ ಕಾಡು ದಾಟಿ ಪೊನ್ಕುಳಿಗೆ ಹೋಗ್ತೀರ.” ಎತ್ತಿ ಇಟ್ಟರೆ ಬಾಣ ಎಲ್ಲಿಗೂ ಹೋಗುವುದಿಲ್ಲ, ಅಲ್ಲೇ ನಿಲ್ಲುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಮೊದಲ ದಿನವೇ ಸಾಕೆಂದು ಬಿಡುತ್ತಾರೆ.

ಬರೆದದ್ದನ್ನು ಹತ್ತು ಸಾಲಿಗೊಮ್ಮೆ ಉಳಿಸಿಕೊಳ್ಳಿ. ನಮ್ಮ ಕಡೆ ಆನೆ ಮರ ಕೆಡವಿದರೂ ಕರೆಂಟು ಹೋಗುತ್ತದೆ. ಅದು ಹೇಳಿ ಹೋಗುವುದಿಲ್ಲ. ಪ್ಲಗ್ಗು ಕಿತ್ತು ಕಂಪ್ಯೂಟರ್ ಮಲಗಿಸಬೇಡಿ. ಅದಕ್ಕೆ ಮಲಗು ಎಂದು ಹೇಳುವ ಜಾಗ ಇದೆ, ಅಲ್ಲಿ ಹೇಳಿ, ಪೂರ್ತಿ ಕಪ್ಪಾದ ಮೇಲೆ ಕೀಳಿ. ಬೇಡದ್ದನ್ನು ಎಸೆದರೆ ಅದು ಕೂಡಲೇ ಹೋಗುವುದಿಲ್ಲ. ಮೂಲೆಯಲ್ಲಿ ಒಂದು ಕಸದ ಬುಟ್ಟಿಯ ಚಿತ್ರ ಇರುತ್ತದೆ, ಅದರಲ್ಲಿ ಬಿದ್ದಿರುತ್ತದೆ. ಬೇಕಾದರೆ ವಾಪಸು ತೆಗೆಯಬಹುದು. ಬುಟ್ಟಿಯನ್ನೂ ಖಾಲಿ ಮಾಡಿದರೆ ಮಾತ್ರ ನೀವು ವಾಪಸು ತೆಗೆಯಲಾರಿರಿ. ಕೆಂಪಿ ನನಗಾಗಿ ಒಂದು ಖಾಲಿ ಫೋಲ್ಡರು ಮಾಡಿಕೊಟ್ಟು, ಎಸೆಯುವುದು, ಎತ್ತುವುದು, ಬುಟ್ಟಿ ಖಾಲಿ ಮಾಡುವುದು, ಎಲ್ಲವನ್ನೂ ಹತ್ತಾರು ಸಲ ಮಾಡಿಸಿದಳು. “ಕೈ ಪಳಗ್ಲಿ” ಎಂದಳು. ಪಳಗಿತು.

ಪರದೆಯ ಮೇಲೆ ಒಂದು ಚೌಕ ಎದ್ದು ಏನಾದರೂ ಕೇಳಿದರೆ, ಹೆದರಿ ಒತ್ತಬೇಡಿ. “ಓದಿ. ಓದಕ್ಕಾಗ್ದಿದ್ರೆ ಕೈ ಎತ್ತಿ, ಯಾರನ್ನಾದ್ರೂ ಕರೀರಿ. ಅದು ಕಾಯ್ತದೆ, ಅದಕ್ಕೆ ಅವಸರ ಇಲ್ಲ” — ಇದೂ ಅವಳೇ.

ಕನ್ನಡ ಟೈಪು ಮಾಡಲು ನಾವಿಬ್ಬರೂ ಸೇರಿ ಕಲಿತದ್ದು. ಅವಳು ಓದಿದ್ದು ಮಲಯಾಳದಲ್ಲಿ, ಕನ್ನಡ ಅಕ್ಷರ ಗೊತ್ತಿಲ್ಲ. ಅವಳು ಒಂದೊಂದೇ ಕೀಲಿ ಒತ್ತುವಳು, ಪರದೆಯ ಮೇಲೆ ಬಂದ ಅಕ್ಷರ ಯಾವುದೆಂದು ನಾನು ಹೇಳುವೆ, ಅವಳು ಕಾಗದದ ಚೂರಿನ ಮೇಲೆ ನನ್ನಿಂದಲೇ ಬರೆಸಿ ಕೀಲಿಗೆ ಅಂಟಿಸುವಳು. ‘ಳ’ ಸಿಗಲಿಲ್ಲ, ಎರಡು ದಿನ ಹುಡುಕಿದೆವು. ಸಿಕ್ಕ ದಿನ ನಾನು ಅವಳ ಬೆನ್ನಿಗೆ ಒಂದು ಗುದ್ದು ಕೊಟ್ಟೆ, ಸಂತೋಷಕ್ಕೆ. ಆಮೇಲೆ, ಮುಟ್ಟಿಬಿಟ್ಟೆನಲ್ಲ ಎಂದು ಕೈ ತೊಳೆಯಲು ಹೋಗಿ — ತೊಳೆಯದೆ ನಿಂತೆ. ಅಷ್ಟು ದೂರ ಬಂದಿದ್ದೆ. ಅಲ್ಲಿಂದ ಮುಂದೆ ಹೋಗಲಿಲ್ಲ.

ಮಧ್ಯೆ ಮಧ್ಯೆ ಅವಳು ತನ್ನ ಕೆಲಸ ಮಾಡುತ್ತಿದ್ದಳು. ಅಜ್ಜನ ದನಿಯನ್ನು ಸ್ವಲ್ಪ ಕೇಳುವುದು, ನಿಲ್ಲಿಸುವುದು, ಮಲಯಾಳದಲ್ಲಿ ಟೈಪು ಮಾಡುವುದು. ಬದುಕಿದ್ದಾಗ ಜಗುಲಿ ಹತ್ತದ ಮನುಷ್ಯ ಸತ್ತ ಮೇಲೆ ನನ್ನ ದೇವರ ಮಣೆಯ ಪಕ್ಕದಲ್ಲಿ ಮಾತಾಡುತ್ತಿದ್ದ, ಕೆಮ್ಮುತ್ತಿದ್ದ, ಎಲೆಅಡಿಕೆ ಉಗಿಯುತ್ತಿದ್ದ. ನನಗೆ ಮೈ ಮುದುಡಿಕೊಳ್ಳುತ್ತಿತ್ತು. ಅವಳು ಅರ್ಧದಷ್ಟು ಮುಗಿಸಿದ್ದಳು. ಹಾಡಿಯವರು ಸೇರಿ ಒಂದು ಪೆನ್‌ಡ್ರೈವು ತರಿಸುವವರಿದ್ದರು, ಸೋಮವಾರ ಅದರಲ್ಲೂ ಒಂದು ಪ್ರತಿ ಇಟ್ಟುಕೊಳ್ಳುವುದೆಂದು ಮಾತಾಗಿತ್ತು.

ಅದರ ಹಿಂದಿನ ಶನಿವಾರ. ಕೆಂಪಿ ಕಾಡಿಗೆ ಹೋಗಿದ್ದಳು, ಶೈಲಜ ಗಂಡನ ಜೊತೆ ಬತ್ತೇರಿ ಪೇಟೆಗೆ ಹೋಗಿದ್ದಳು. ಮನೆಯಲ್ಲಿ ನಾನೊಬ್ಬಳೇ. ಕೈ ಪಳಗಿತ್ತಲ್ಲ — ಕಂಪ್ಯೂಟರ್ ಹಚ್ಚಿದೆ. ಕೆಂಪಿಯ ಫೋಲ್ಡರು ತೆರೆದೆ. ಅವಳು ಇನ್ನೂ ಕೇಳದಿದ್ದ ಕಡೆಯದೊಂದನ್ನು ಒತ್ತಿದೆ. ಯಾಕೆ ಒತ್ತಿದೆ? ಕುತೂಹಲ. ಮುದುಕ ಏನು ಹರಟುತ್ತಾನೋ ನೋಡೋಣ ಎಂದು.

ಬೊಮ್ಮಜ್ಜ ಒಂದೊಂದೇ ಜಾಗ ಹೇಳುತ್ತಾ ಬಂದ. ಆನೆ ಬೆನ್ನುಜ್ಜುವ ಬಂಡೆ. ಹೆಜ್ಜೇನಿನ ಜೋಡಿ ಮರ. ಬೇಸಿಗೆಯಲ್ಲೂ ಬತ್ತದ ಗುಂಡಿ. ಆಮೇಲೆ ಕೆಮ್ಮಿ, ನೀರು ಕುಡಿದು, ಹೇಳಿದ:

“ಗೌಡ್ರ ಕೆಳಗದ್ದೆ ಐತಲ್ಲ ಮಗ, ಅಲ್ಲೇ ಮೊದ್ಲು ನಮ್ಮ ಹಾಡಿ ಇದ್ದುದ್ದು. ನನ್ನ ಮುತ್ತ ಅಲ್ಲೇ ಮಲಗವ್ನೆ. ಮೂರು ಕಲ್ಲು ಇತ್ತು. ದೊಡ್ಡಗೌಡ ಗದ್ದೆ ಮಾಡುವಾಗ ಕಿತ್ತಾಕ್ದ. ಎರಡು ಮಣ್ಣಿಗೋತು. ಒಂದ್ರ ಮೇಲೆ ಇವತ್ಗೂ ದೇವಮ್ಮ ಬಟ್ಟೆ ಒಗೀತಾಳೆ.” ಆಮೇಲೆ ನಕ್ಕ. “ಒಗೀಲಿ ಬುಡು. ಬಿಸ್ಲೊತ್ನಲ್ಲಿ ಮುತ್ತಂಗೂ ತಂಪಾಯ್ತದೆ.”

ದೊಡ್ಡಗೌಡ ಎಂದರೆ ನನ್ನ ಮಾವ. ಆ ಕಲ್ಲು ನಮ್ಮ ಹಿತ್ತಲಿನಲ್ಲೇ ಇದೆ. ಐವತ್ತು ವರ್ಷ ಅದರ ಮೇಲೆ ಬಟ್ಟೆ ಒಗೆದಿದ್ದೇನೆ. ನಾನು ಹೊಸದಾಗಿ ಬಂದಾಗ ನನ್ನ ಅತ್ತೆ, ಅದರ ಮೇಲೆ ಕಾಲಿಟ್ಟು ನಿಲ್ಲಬೇಡ ಎಂದಿದ್ದಳು. ಯಾಕೆಂದು ಕೇಳಿರಲಿಲ್ಲ. ಕೇಳಿದ್ದರೆ ಅವಳು ಹೇಳುತ್ತಿದ್ದಳು, ಅದಕ್ಕೇ ಕೇಳಿರಲಿಲ್ಲ.

ಇಷ್ಟು ವರ್ಷ ನನಗೆ ನಾನೇ ಒಂದು ಕಾರಣ ಹೇಳಿಕೊಂಡು ಬಂದಿದ್ದೇನೆ. ದೀಪ ಹಚ್ಚುವ ಮುಂಚೆ ಮನೆ ಗುಡಿಸಿ ಕಸ ಹೊರಗೆ ಹಾಕುವುದು ನಮ್ಮ ಪದ್ಧತಿ; ಸತ್ತವನ ದನಿ ದೇವರ ಪಕ್ಕದಲ್ಲಿ ಇರಬಾರದು; ಅದಕ್ಕೇ ಗುಡಿಸಿದೆ — ಹೀಗೆ. ಸುಳ್ಳು. ಆ ಹೊತ್ತಿಗೆ ದೀಪ ಹಚ್ಚುವ ಸಮಯವಾಗಿದ್ದದ್ದು ನಿಜ, ನಾನು ಪೊರಕೆ ಹಿಡಿದದ್ದೂ ನಿಜ. ಆದರೆ ನನಗೆ ಬಂದದ್ದು ಭಯ. ಇದು ಟೈಪಾಗುತ್ತದೆ, ಕಾಗದವಾಗುತ್ತದೆ, ಆಫೀಸಿಗೆ ಹೋಗುತ್ತದೆ, ಗೌಡರ ಕೆಳಗದ್ದೆ ಎಂದು ಮಲಯಾಳದಲ್ಲಿ ಬರೆದದ್ದನ್ನು ಯಾರೋ ಓದುತ್ತಾರೆ. ನಮ್ಮ ಮನೆಯ ವರ್ಷದ ಅನ್ನ ಬರುವುದು ಆ ಗದ್ದೆಯಿಂದ.

ಅಜ್ಜನ ದನಿ, ಕೆಂಪಿ ಟೈಪು ಮಾಡಿದ್ದು ಎಲ್ಲ ಇದ್ದ ಆ ಫೋಲ್ಡರನ್ನು ಬುಟ್ಟಿಗೆ ಹಾಕಿದೆ. ಬುಟ್ಟಿ ಖಾಲಿ ಮಾಡು ಎಂದೆ. ಚೌಕ ಎದ್ದಿತು, ಇಂಗ್ಲಿಷಿನಲ್ಲಿ ಏನೋ ಕೇಳಿತು. ಓದಲು ಬರುವುದಿಲ್ಲ, ಆದರೆ ಏನು ಕೇಳುತ್ತಿದೆ ಎಂದು ಗೊತ್ತಿತ್ತು. ಹತ್ತಾರು ಸಲ ಮಾಡಿಸಿದ್ದಳಲ್ಲ. ಅದಕ್ಕೆ ಅವಸರ ಇರಲಿಲ್ಲ, ಕಾಯುತ್ತಿತ್ತು. ನಾನು ಒತ್ತಿದೆ.

ಸೋಮವಾರ ಕೆಂಪಿ ಪೆನ್‌ಡ್ರೈವು ಹಿಡಿದು ಬಂದಳು. ಶೈಲಜಳಿಗೆ ಅಂದು ರಜೆ. ಕೋಣೆಯಿಂದ ಕೂಗಿದಳು:

“ಅತ್ತೆ, ಇಲ್ಲಿ ಬನ್ನಿ. ಕೆಂಪಿದು ಫೋಲ್ಡರ್ ಕಾಣಾನಿಲ್ಲ. ನೀವೇನಾದ್ರೂ ಮುಟ್ಟಿದ್ರಾ?”

ನಾನು ಹೇಳಿದ ಮಾತು ಹೀಗಿತ್ತು, ಒಂದಕ್ಷರ ಬಿಡದೆ ಬರೆಯುತ್ತೇನೆ: “ನಾನಾ? ನಂಗೆ ಅದರ ತಲೆಬುಡ ಗೊತ್ತಾ? ಆ ಡಬ್ಬಿ ಹತ್ರ ನಾನು ಹೋಗೇ ಇಲ್ಲ.”

ಕೆಂಪಿ ಗೋಣಿತಾಟಿನ ಮೇಲೆ ಕೂತವಳು ತಿರುಗಿ ನನ್ನನ್ನು ನೋಡಿದಳು. ನನಗೆ ತಲೆಬುಡ ಗೊತ್ತೆಂದು ಈ ಲೋಕದಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೆ. ಒಂದು ಮಾತು ಆಡಿದ್ದರೆ ಸಾಕಿತ್ತು. ಕೀಲಿಗಳ ಮೇಲೆ ನನ್ನ ಕೈಬರಹದ ಚೂರುಗಳು ಅಂಟಿಕೊಂಡೇ ಇದ್ದವು — ಶೈಲಜ ಅವನ್ನು ಕೆಂಪಿಯ ಕಲಿಕೆ ಎಂದುಕೊಂಡಿದ್ದಳು. ಕೆಂಪಿ ಪರದೆಯ ಕಡೆಗೆ ತಿರುಗಿ ಹೇಳಿದಳು: “ನಾನೇ ಏನೋ ತಪ್ಪು ಒತ್ತಿರ್ಬೇಕು ಚೇಚಿ.”

ಹೇಳಲ್ಲ ಎಂದು ಮಾತು ಕೊಟ್ಟಿದ್ದಳು. ಉಳಿಸಿಕೊಂಡಳು.

ಈಗ ಬರುವುದು ನನ್ನ ದೊಡ್ಡ ತಪ್ಪು. ಅಳಿಸಿದ್ದಲ್ಲ, ಇದು. ಶೈಲಜ ಎಂಟು ದಿನ ಹುಡುಕಿದಳು. ಫೋಲ್ಡರು ಎಲ್ಲೋ ಬೇರೆ ಕಡೆ ಸೇರಿಕೊಂಡಿದೆ ಎಂದು ಒಂದೊಂದೇ ಮೂಲೆ ತೆರೆದು ನೋಡಿದಳು. ಮಧ್ಯೆ ಮನೆಯ ಕೆಲಸವೂ ನಡೆಯಿತು. ಅವಳ ತಮ್ಮನ ಮದುವೆಯ ಫೋಟೋಗಳು, ವೀಡಿಯೋ, ಎಲ್ಲ ಅದರೊಳಗೆ ತುಂಬಿಕೊಂಡವು. ವೈರಸ್ಸಿಗೆಂದು ಹೊಸದೇನೋ ಹಾಕಿದಳು. ಎಂಟು ದಿನ ನಾನು ಊಟ ಬಡಿಸಿದೆ, ದನ ಕಟ್ಟಿದೆ, ಸುಮ್ಮನಿದ್ದೆ. ಒಂಬತ್ತನೆಯ ದಿನ ಅವಳು ಡಬ್ಬಿಯನ್ನು ಬತ್ತೇರಿಯ ಅಂಗಡಿಗೆ ಹೊತ್ತಳು. ಸಂಜೆ ಬಂದು ಜಗುಲಿಯ ಮೇಲೆ ಕೂತು ಹೇಳಿದಳು:

“ಯಾರೋ ಅಳಿಸಿರೋದೇ ಅತ್ತೆ. ಅವ್ರು ನೋಡಿ ಹೇಳಿದ್ರು. ಅಳಿಸಿದ ದಿನಾನೇ ತಂದಿದ್ರೆ ಪೂರಾ ಬರ್ತಿತ್ತಂತೆ. ಅಳಿಸಿದ್ರೂ ಒಳಗೆ ಇರ್ತದಂತೆ, ಹೊಸದು ಬಂದು ಮೇಲೆ ಕೂರೋವರೆಗೆ. ನಾವು ಅದರ ಮೇಲೆ ಮದುವೆ ಫೋಟೋ ಹಾಕ್ಬಿಟ್ವಿ. ಇನ್ನು ಆಗಲ್ಲ ಅಂದ್ರು.”

ಸೋಮವಾರ ನಾನು ಬಾಯಿ ಬಿಟ್ಟಿದ್ದರೆ ಬೊಮ್ಮಜ್ಜ ವಾಪಸು ಬರುತ್ತಿದ್ದ. ಮಂಗಳವಾರವಾದರೂ. ಗುರುವಾರವಾದರೂ, ಅರ್ಧ. ಶನಿವಾರದ ಕೈಯನ್ನು ಭಯ ಎಂದು ಹೇಳಬಹುದು. ಎಂಟು ದಿನದ ಬಾಯಿಯನ್ನು ಏನೆಂದು ಹೇಳಲಿ? ಹೊಸ ಕಲಿಯುವವರಿಗೆ ನಾನು ನನ್ನದೆಂದು ಹೇಳಬಹುದಾದ ಮಾತು ಇದೊಂದೇ, ಮಿಕ್ಕದ್ದೆಲ್ಲ ಕೆಂಪಿಯದು: ಬೇಕಾದದ್ದನ್ನು ಅಳಿಸಿದಿರೋ, ಕೂಡಲೇ ಕೈ ತೆಗೆಯಿರಿ. ಕಂಪ್ಯೂಟರಿನಲ್ಲಿ ಇನ್ನೇನೂ ಮಾಡಬೇಡಿ, ಹುಡುಕಲೂ ಬೇಡಿ. ತಿಳಿದವರ ಹತ್ತಿರ ಹೋಗಿ, ನಾನು ಅಳಿಸಿದೆ, ಇಂಥ ಹೊತ್ತಿನಲ್ಲಿ ಅಳಿಸಿದೆ ಎಂದು ಹೇಳಿ. ಬೈಗುಳ ತಿನ್ನಿ. ಬೈಗುಳಕ್ಕೆ ಹೆದರಿ ಸುಮ್ಮನಿದ್ದಷ್ಟೂ ಅದು ಅಳಿಯುತ್ತಲೇ ಹೋಗುತ್ತದೆ.

ಹಾಡಿಯ ಅರ್ಜಿ ಸರಕಾರಕ್ಕೆ ಹೋಯಿತು. ಕೆಂಪಿಗೆ ಮತ್ತು ಅಲ್ಲಿನ ಹಿರಿಯರಿಗೆ ನೆನಪಿದ್ದದ್ದು ನಾಲ್ಕು ಜಾಗ, ನಾಲ್ಕೇ ಬರೆದರು. ನಮ್ಮ ಕೆಳಗದ್ದೆ ಅದರಲ್ಲಿ ಇರಲಿಲ್ಲ. ಬಾವಿಕಟ್ಟೆಯಲ್ಲಿ ಅವಳ ಚಿಕ್ಕಮ್ಮ ಅವಳಿಗೆ ಹೇಳುತ್ತಿದ್ದದ್ದನ್ನು ನಾನೇ ಕೇಳಿದೆ: “ಮುದುಕನ್ನ ಗೌಡ್ರ ಡಬ್ಬಿಗೆ ಹಾಕಿ ಕಳ್ಕೊಂಡ್ ಬಂದ್ಲು, ದೊಡ್ಡ ಓದಿದೋಳು.” ಕೆಂಪಿ ಕೊಡ ಎತ್ತಿಕೊಂಡು ಹೋದಳು. ನಮ್ಮ ಮನೆಗೆ ಮತ್ತೆ ಬರಲಿಲ್ಲ. ಶೈಲಜ ಎರಡು ಸಲ ಕರೆದಳು. “ನಂಗೆ ಅದು ಆಗಿಬರಲ್ಲ ಚೇಚಿ” ಎಂದಳಂತೆ. ಈಗ ಶುಂಠಿ ಹೊಲಕ್ಕೆ ಕೂಲಿಗೆ ಹೋಗುತ್ತಾಳೆ. ಅವಳು ಕಲಿಸಿದ್ದು ನನ್ನ ಕೈಯಲ್ಲಿ ಉಳಿಯಿತು. ಒಂದು ವರ್ಷ ಬಿಟ್ಟು, ಯಾರೂ ಇಲ್ಲದಾಗ ನೋಡಿ ನೋಡಿ ಕಲಿತೆ ಎಂದು ಶೈಲಜಳಿಗೆ ತೋರಿಸಿದೆ. ಅವಳು ಊರಿಗೆ ಹೇಳಿದಳು.

ಇನ್ನೂ ಒಂದಿದೆ. ಹೋದ ವರ್ಷ ಬಸ್ಸಿಗೆ ಕಾಯುವಾಗ ಕೆಂಪಿ ಪಕ್ಕದಲ್ಲಿ ಬಂದು ನಿಂತಳು. ಉಗುರಿನಲ್ಲಿ ಶುಂಠಿಯ ಮಣ್ಣು. ಮಗುವೊಂದು ಸೊಂಟದಲ್ಲಿ.

“ಟೈಪ್ ಮಾಡ್ತೀರಂತಲ್ಲ ದೊಡ್ಡವ್ವ. ಳ ಬರ್ತದಾ?”

“ಬರ್ತದೆ.”

ಮಗುವನ್ನು ಇನ್ನೊಂದು ಸೊಂಟಕ್ಕೆ ಹಾಕಿಕೊಂಡಳು. ಆಮೇಲೆ ಅವಳು, ಕೋಪವಿಲ್ಲದೆ, ಬೇಡುವ ಹಾಗೆಯೂ ಅಲ್ಲ, ಕೇಳಿದಳು: “ಅಜ್ಜನ್ ಮಾತು ಪೂರಾ ಕೇಳಿದ್ರಾ? ನಾನು ಅರ್ಧನೇ ಕೇಳಿದ್ದು. ಆಮ್ಯಾಕೆ ಏನ್ ಹೇಳಿದ್ನೋ ಅಂತ… ಒಂದೊಂದ್ಸಲ ಅನ್ನಿಸ್ತದೆ.”

ಅವಳಿಗೆ ಎಲ್ಲ ಗೊತ್ತಿತ್ತು. ಯಾರು ಅಳಿಸಿದರು ಎಂದು ಅವಳು ಕೇಳಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಅಜ್ಜನ ಮಾತು. ನಾನು ಹೇಳಿದೆ: “ಯಾವ ಮಾತು? ನಾನೇನೂ ಕೇಳಿಲ್ಲಮ್ಮ.”

“ಸಾರಮಿಲ್ಲ” ಎಂದಳು. ಪರವಾಗಿಲ್ಲ ಎಂದು. ಬಸ್ಸು ಬಂತು, ಮಗುವನ್ನು ಎತ್ತಿಕೊಂಡು ಹತ್ತಿದಳು. ಹಿಂದಿನ ಸೀಟಿನಲ್ಲಿ ಕೂತು ಕಿಟಕಿಯ ಹೊರಗೆ ನೋಡುತ್ತಿದ್ದಳು, ನನ್ನ ಕಡೆಗಲ್ಲ.

ನೆನ್ನೆ ಶೈಲಜಳಿಗೆ ಎಲ್ಲ ಹೇಳಿದೆ. ಅವಳು ಕೊನೆಯವರೆಗೂ ಕೇಳಿದಳು. ಆಮೇಲೆ, “ನಾನು ಆ ಹುಡುಗಿನ ಬೈದಿದ್ದೆ ಅತ್ತೆ” ಎಂದಳು. ಅಷ್ಟೇ. ಇವತ್ತು ಅನ್ನ ಹಾಕುವಾಗ ನನ್ನ ಮುಖ ನೋಡಲಿಲ್ಲ. ಮಗನಿಗೂ ಹೇಳಿದ್ದೇನೆ. ಗದ್ದೆ ಹೋಗಲೆಂದೇ ಹೇಳುತ್ತಿದ್ದೀಯಾ ಎಂದು ಕೇಳಿದ. ಗೊತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ ಎಂದೆ.

ಅಜ್ಜ ಹೇಳಿದ ಜಾಗಗಳಲ್ಲಿ ನನಗೆ ನೆನಪಿರುವುದು ಏಳು. ಅವುಗಳನ್ನು ಅವನು ಹೇಳಿದ ಕ್ರಮದಲ್ಲೇ ಟೈಪು ಮಾಡಿದ್ದೇನೆ. ಏಳನೆಯದು ನಮ್ಮ ಕೆಳಗದ್ದೆ. ಕಲ್ಲಿನ ಮಾತನ್ನೂ, ಅವನು ನಕ್ಕದ್ದನ್ನೂ ಬರೆದಿದ್ದೇನೆ. ನಗುವನ್ನು ಹೇಗೆ ಬರೆಯುವುದೆಂದು ತಿಳಿಯದೆ, ನಕ್ಕ ಎಂದಷ್ಟೇ ಬರೆದೆ. ಇನ್ನೆರಡು ಜಾಗದ ಹೆಸರು ಎಷ್ಟು ನೆನಪು ಹಿಂಡಿದರೂ ಬರುತ್ತಿಲ್ಲ. ಒಂದು ಹಕ್ಕಿಯ ಹೆಸರಿನಿಂದ ಶುರುವಾಗುತ್ತಿತ್ತು… ಯಾವ ಹಕ್ಕಿ… ಆರು ವರ್ಷದ ಹಿಂದೆಯೇ ಬರೆದಿಟ್ಟಿದ್ದರೆ ಅವೂ ಇರುತ್ತಿದ್ದವು. ಶೈಲಜ ಈ ಪಟ್ಟಿಯನ್ನು ಮಲಯಾಳದಲ್ಲಿ ಬರೆದುಕೊಡುತ್ತಾಳೆ, ಕೆಂಪಿಗೆ ಓದಲು ಬರಬೇಕಲ್ಲ.

ಭಾನುವಾರದ ಸಭೆ ಬೆಳಗ್ಗೆ ಹತ್ತಕ್ಕೆ. ಅದಕ್ಕೂ ಮುಂಚೆ ಏಳಕ್ಕೆ, ಕೆಂಪಿ ಶುಂಠಿ ಹೊಲದ ಜೀಪು ಹತ್ತುವ ಮೊದಲು, ನಾನು ಹಾಡಿಗೆ ಹೋಗುತ್ತೇನೆ. ನಾನು ಆ ಹಾಡಿಯ ಒಳಗೆ ಇದುವರೆಗೆ ಕಾಲಿಟ್ಟಿಲ್ಲ. ಬೊಮ್ಮಜ್ಜ ಸತ್ತಾಗಲೂ ಗದ್ದೆಯ ಅಂಚಿನಿಂದಲೇ ನೋಡಿ ಬಂದವಳು. ಅವಳ ಮನೆ ಯಾವುದೆಂದು ಕೇಳಿಕೊಂಡು ಹೋಗಬೇಕು. ಕೂರು ಎನ್ನುತ್ತಾಳೋ ಇಲ್ಲವೋ. ನಾನೇ ಅಳಿಸಿದೆ, ಬಸ್ಸಿನ ಹತ್ತಿರವೂ ಸುಳ್ಳು ಹೇಳಿದೆ ಎಂದು ಅವಳ ಚಿಕ್ಕಮ್ಮನೂ ಮಿಕ್ಕವರೂ ಕೇಳುವ ಹಾಗೆ ಹೇಳುತ್ತೇನೆ, ಕಾಗದ ಕೊಡುತ್ತೇನೆ. ಜಾಗದ ಹೆಸರುಗಳನ್ನು ಕೊಡಬಲ್ಲೆ. ಅವಳ ಅಜ್ಜನ ದನಿಯನ್ನು ಕೊಡಲಾರೆ.